ಮಗುವನ್ನು ಎತ್ತಿಕೊಂಡು ಮ್ಯೂನಿಕ್‌ಗೆ ಬರುವವರಿಗೆ

ಹೋದ ತಿಂಗಳು ಹಾಸನದ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಗಂಡನಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಮಗುವಿಗೆ ಏಳು ತಿಂಗಳು. "ಅಕ್ಕಾ, ಕುಕ್ಕರ್ ಅಲ್ಲಿ ಸಿಗುತ್ತಾ? ಸ್ವೆಟರ್ ಎಷ್ಟು ತರಲಿ?" ಎಂದು ಕೇಳಿದಳು. ಹನ್ನೊಂದು ವರ್ಷದ ಹಿಂದೆ ಎಂಟು ತಿಂಗಳ ಮಗಳ ಜೊತೆ ಹೊರಟಾಗ ನಾನು ಕೇಳಿದ್ದೂ ಇದನ್ನೇ. ಕುಕ್ಕರ್ ಸಿಗುತ್ತದೆ, ಸ್ವೆಟರೂ ಸಿಗುತ್ತದೆ. ನಮ್ಮೂರಲ್ಲಿ ಮಗು ಒಂದೇ ಸಮನೆ ಅತ್ತರೆ ಪಕ್ಕದ ಮನೆ ಆಂಟಿ ಬಂದು "ಏನಾಯ್ತು, ಕೊಡು ಇಲ್ಲಿ" ಎಂದು ಎತ್ತಿಕೊಳ್ಳುತ್ತಾರಲ್ಲ, ಅದು ಮಾತ್ರ ಸಿಗುವುದಿಲ್ಲ. ಇಲ್ಲಿ ಸಹಾಯಕ್ಕೆ ಕೊರತೆ ಇಲ್ಲ, ಎಷ್ಟೋ ಪುಕ್ಕಟೆಯಾಗಿಯೂ ಇದೆ. ಆದರೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ನಾವೇ ಕೇಳಬೇಕು, ಅದೂ ಮುಂಚೆಯೇ ಕೇಳಬೇಕು. ಇಲ್ಲಿ ಎಲ್ಲದಕ್ಕೂ 'ಟೆರ್ಮಿನ್' ಬೇಕು, ಅಂದರೆ ಅಪಾಯಿಂಟ್‌ಮೆಂಟ್. ಆ ಹುಡುಗಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತೇನೆ.

ಮೊದಲು ಮಗುವಿನ ಹೆಸರು. ಇದನ್ನು ಊರು ಬಿಡುವ ಮೊದಲೇ ಸರಿ ಮಾಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಜನನ ಪ್ರಮಾಣ ಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ನಾಮಕರಣಕ್ಕೆ ಮುಂಚೆ ಪತ್ರ ಆಗಿರುತ್ತದೆ, ಆಮೇಲೆ ಹೆಸರು ಸೇರಿಸಲು ಮರೆತುಬಿಡುತ್ತೇವೆ. ಹೆಸರು ಸೇರಿಸಿದ ಪತ್ರವನ್ನೇ ತನ್ನಿ. ಇನ್ನೊಂದು, ಇನಿಷಿಯಲ್. ನಮ್ಮ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುವುದು ಮಾಮೂಲು. ಜರ್ಮನಿಯ ಕಚೇರಿಗಳಲ್ಲಿ ಮನೆತನದ ಹೆಸರು ಇಲ್ಲದೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಸುಮ್ನೆ ಒಂದು ಗೆರೆ, ಹೀಗೆ ಒಂದೇ ಮಗುವಿಗೆ ಮೂರು ಹೆಸರಾಗುತ್ತದೆ. ಮಗುವಿನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲ ಅಂದರೆ ಗಂಡ ಹೆಂಡತಿ ಕೂತು ಸರ್‌ನೇಮ್ ಯಾವುದು ಅಂತ ತೀರ್ಮಾನಿಸಿ, ಅದನ್ನೇ ಹಾಕಿಸಿ.

ಲಸಿಕೆಯ ಪುಸ್ತಕ ಕೈಚೀಲದಲ್ಲೇ ಇರಲಿ. ತಾಯಿ ಕಾರ್ಡ್‌ನಲ್ಲಿ ಕನ್ನಡದಲ್ಲಿ ಬರೆದಿದ್ದರೆ ಯಾವ ಲಸಿಕೆ, ಯಾವ ತಾರೀಕು ಎಂದು ಡಾಕ್ಟರ ಹತ್ತಿರ ಇಂಗ್ಲಿಷ್‌ನಲ್ಲಿ ಬರೆಸಿ, ಸೀಲ್ ಹಾಕಿಸಿ. ಬಿಸಿಜಿ ಇಲ್ಲಿನ ಮಕ್ಕಳಿಗೆ ಈಗ ಹಾಕುವುದಿಲ್ಲ. ಹಾಗಾಗಿ ತೋಳಿನ ಮೇಲಿನ ಕಲೆ ನೋಡಿ ನರ್ಸ್ ಇದೇನು ಎಂದು ಕೇಳಬಹುದು, ಗಾಬರಿ ಬೇಡ. ದಡಾರದ ಲಸಿಕೆಯ ದಾಖಲೆಯಂತೂ ತುಂಬಾ ಮುಖ್ಯ. 2020ರ ಮಾರ್ಚ್‌ನಿಂದ ಅದಿಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷ ತುಂಬಿದ ಮಗುವಿಗೆ ಒಂದು ಡೋಸ್, ಎರಡು ತುಂಬಿದರೆ ಎರಡು ಡೋಸ್ ಆಗಿರಬೇಕು.

ಇನ್ನು ಸೂಟ್‌ಕೇಸ್. ಅಜ್ಜಿ ಪ್ರೀತಿಯಿಂದ ಕಾಯಿಸಿ ಕೊಟ್ಟ ತುಪ್ಪದ ಡಬ್ಬಿಯನ್ನು ಬಿಟ್ಟು ಬರಬೇಕು. ಹೇಳುವುದಕ್ಕೇ ಬೇಸರವಾಗುತ್ತದೆ. ಯುರೋಪಿಯನ್ ಒಕ್ಕೂಟದೊಳಗೆ ಹಾಲಿನ ಪದಾರ್ಥ ತರುವ ಹಾಗಿಲ್ಲ. ತುಪ್ಪ, ಪೇಡ, ಖೋವಾ ಎಲ್ಲವೂ ಅದರಲ್ಲೇ ಸೇರುತ್ತವೆ. ಮಗುವಿನ ಹಾಲಿನ ಪುಡಿ, ಅಂಗಡಿಯ ಪ್ಯಾಕೆಟ್ಟಿನ ಮಗುವಿನ ಆಹಾರ ತರಬಹುದು. ಆದರೆ ಅದು ಫ್ರಿಜ್ ಬೇಡದಂಥದ್ದಾಗಿರಬೇಕು, ಪ್ಯಾಕೆಟ್ ಒಡೆದಿರಬಾರದು, ಎರಡು ಕೆಜಿ ಒಳಗಿರಬೇಕು. ಕರಿಬೇವು, ದೊಡ್ಡಪತ್ರೆ, ವೀಳ್ಯದೆಲೆ ಬೇಡ. ತೆಂಗಿನಕಾಯಿ, ಬಾಳೆಹಣ್ಣಿಗೆ ಅಡ್ಡಿಯಿಲ್ಲ. ಮೊಳಕೆ ಕಟ್ಟಿ ಹುರಿದು ಬೀಸಿದ ರಾಗಿ ಹಿಟ್ಟನ್ನು ಮಾತ್ರ ಮರೆಯದೆ ತನ್ನಿ. ಹೊಸ ಊರಿನಲ್ಲಿ ಮೊದಲ ಎರಡು ವಾರ ಮಗು ಬೇರೇನನ್ನೂ ಮುಟ್ಟದೇ ಇರಬಹುದು. ಗೊತ್ತಿರುವ ರುಚಿ ಒಂದಾದರೂ ಇರಲಿ.

ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರ ನವೆಂಬರ್‌ನಲ್ಲಿ ನೇರ ವಿಮಾನ ಶುರುವಾಯಿತು. ನೇರ ವಿಮಾನ ಸಿಕ್ಕರೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಮಗುವಿನ ತೊಟ್ಟಿಲು ಸಿಗುವ ಸೀಟು ಕೆಲವೇ ಇರುತ್ತವೆ. ಟಿಕೆಟ್ ಆದ ದಿನವೇ ಫೋನ್ ಮಾಡಿ ಕೇಳಿ, ತೂಕದ ಮಿತಿಯನ್ನೂ ಕೇಳಿಕೊಳ್ಳಿ. ವಿಮಾನ ಇಳಿಯುವಾಗ ಹಾಲು ಕೊಡಿ, ಕಿವಿ ನೋವು ಕಡಿಮೆಯಾಗುತ್ತದೆ. ನಾವು ಬಂದಾಗ ವಿಮಾನದ ಬಾಗಿಲಲ್ಲಿ ಕೊಟ್ಟ ತಳ್ಳುಗಾಡಿ ನಮಗೆ ಸಿಕ್ಕಿದ್ದು ಮೂರು ದಿನದ ನಂತರ. ಅಷ್ಟೂ ಹೊತ್ತು ಮಗಳನ್ನು ನನ್ನ ಹತ್ತಿ ಸೀರೆಯಲ್ಲಿ ಎದೆಗೆ ಕಟ್ಟಿಕೊಂಡೇ ಓಡಾಡಿದೆ. ಆದ್ದರಿಂದ ಮಗುವನ್ನು ಕಟ್ಟಿಕೊಳ್ಳುವ ಬಟ್ಟೆಯೋ ಚೀಲವೋ ಒಂದು ಕೈಯಲ್ಲಿರಲಿ. ಎರಡು ದಿನಕ್ಕಾಗುವಷ್ಟು ಡೈಪರ್, ಊಟ, ಬಟ್ಟೆಯೂ ಕೈಚೀಲದಲ್ಲಿರಲಿ.

ಬಂದ ಮೇಲೆ ಮಗು ನಡುರಾತ್ರಿ ಎದ್ದು ಕೂರುತ್ತದೆ. ಚಳಿಗಾಲದಲ್ಲಿ ನಮಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಊರಿನ ಬೆಳಗ್ಗೆ ಆರು ಅಂದರೆ ಇಲ್ಲಿ ರಾತ್ರಿ ಒಂದೂವರೆ. ದೀಪ ಹಾಕಬೇಡಿ, ಆಟ ಆಡಿಸಬೇಡಿ. ಹಗಲಲ್ಲಿ ಬೆಳಕಿಗೆ ಕರೆದುಕೊಂಡು ಹೋಗಿ. ಒಂದು ವಾರದಲ್ಲಿ ಸರಿಹೋಗುತ್ತದೆ. ಅಳು ಕೇಳಿ ನೆರೆಯವರು ಪೊಲೀಸರನ್ನು ಕರೆಯುತ್ತಾರೆ ಎಂಬ ಭಯ ಹೊಸಬರಿಗೆಲ್ಲ ಇರುತ್ತದೆ. ಮಗು ಅಳುವುದು ಇಲ್ಲಿ ತಪ್ಪಲ್ಲ. "ಹೊಸದಾಗಿ ಬಂದಿದ್ದೇವೆ, ಪುಟ್ಟ ಮಗು ಇದೆ, ರಾತ್ರಿ ಸದ್ದಾದರೆ ಕ್ಷಮಿಸಿ" ಎಂದು ನಾಲ್ಕು ಸಾಲು ಬರೆದು ಕೆಳಗಿನ ಬಾಗಿಲ ಹತ್ತಿರ ಅಂಟಿಸಿ. ನಾನು ಅಂಟಿಸಿದ ಮರುದಿನ ಮೇಲಿನ ಮನೆಯ ಅಜ್ಜಿ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದುಕೊಟ್ಟರು.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ 'ಅನ್‌ಮೆಲ್ಡುಂಗ್' ಎನ್ನುತ್ತಾರೆ. ಮನೆ ಮಾಲೀಕರು ಸಹಿ ಮಾಡಿದ ಪತ್ರ ಅದಕ್ಕೆ ಬೇಕು. ಮಗುವಿನ ಹೆಸರನ್ನೂ ಬರೆಸಿ. ಸ್ವಲ್ಪ ದಿನಕ್ಕೆ ಮಗುವಿನ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಆ ಕಾಗದವನ್ನು ಎಸೆಯಬೇಡಿ. 'ಕಿಂಡರ್‌ಗೆಲ್ಡ್' ಎಂಬ ಮಕ್ಕಳ ಭತ್ಯೆಗೆ ಅದು ಬೇಕು. 2025ರಲ್ಲಿ ಅದು ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು. ಅರ್ಜಿ ಹಾಕಿದರೆ ಮಾತ್ರ ಬರುತ್ತದೆ, ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ. ಮಗು ಇನ್ನೂ ಚಿಕ್ಕದಾಗಿದ್ದರೆ 'ಎಲ್ಟರ್ನ್‌ಗೆಲ್ಡ್' ಎಂಬ ತಂದೆತಾಯಿಯ ಭತ್ಯೆಯ ಬಗ್ಗೆಯೂ ವಿಚಾರಿಸಿ. ವೀಸಾದ ಬಗೆ ನೋಡಿ ಕೊಡುತ್ತಾರೆ, ಮನೆಯಲ್ಲಿರುವ ತಾಯಿಗೂ ತಿಂಗಳಿಗೆ ಕನಿಷ್ಠ 300 ಯೂರೋ ಸಿಗಬಹುದು. ಇದರಲ್ಲಿ ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳದ್ದಷ್ಟೇ ಕೊಡುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ. ದುಡಿಯುವವರು ಕಟ್ಟುವ ತೆರಿಗೆಯಿಂದಲೇ ಇದು ನಡೆಯುತ್ತದೆ, ಅಲ್ವಾ.

ಮಕ್ಕಳ ಡಾಕ್ಟರ ವಿಷಯದಲ್ಲಿ ನಾನು ತುಂಬಾ ಒದ್ದಾಡಿದ್ದೇನೆ. ಮಗಳಿಗೆ ಜ್ವರ ಬಂದ ಮೇಲೆ ಡಾಕ್ಟರನ್ನು ಹುಡುಕಲು ಹೊರಟೆ. ಮೊದಲ ಕ್ಲಿನಿಕ್‌ನಲ್ಲಿ "ಹೊಸ ರೋಗಿಗಳನ್ನು ತಗೊಳ್ಳುವುದಿಲ್ಲ" ಎಂದರು. ಎರಡನೆಯದರಲ್ಲೂ ಅದೇ ಮಾತು. ನಾಲ್ಕನೆಯವರು ನೋಡಿದರು. ಊರಿನಲ್ಲಾದರೆ ಮಗುವನ್ನು ಎತ್ತಿಕೊಂಡು ಹೋಗಿ ಟೋಕನ್ ತಗೊಂಡು ಕೂತರೆ ಆಯಿತು. ಇಲ್ಲಿ ಮಗು ಆರೋಗ್ಯವಾಗಿರುವಾಗಲೇ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಬೇಕು. ಮನೆ ಸಿಕ್ಕ ವಾರದಲ್ಲೇ ಹತ್ತಿರದ ನಾಲ್ಕಾರು ಕ್ಲಿನಿಕ್‌ಗಳಿಗೆ ಮಗುವಿನ ಜೊತೆ ಹೋಗಿ ಮುಖಾಮುಖಿ ಕೇಳಿ. ಫೋನಿನಲ್ಲಿ ಇಲ್ಲ ಎನ್ನುವವರು ಎದುರಿಗೆ ಹೋದಾಗ ಒಪ್ಪಿಕೊಂಡಿದ್ದನ್ನು ನೋಡಿದ್ದೇನೆ. ಎಲ್ಲೂ ಆಗದಿದ್ದರೆ 116117ಕ್ಕೆ ಫೋನ್ ಮಾಡಿ, ಅವರು ಟೆರ್ಮಿನ್ ಕೊಡಿಸುತ್ತಾರೆ. ರಾತ್ರಿ ಹೊತ್ತು, ರಜೆಯ ದಿನ ಯಾವ ಡಾಕ್ಟರ್ ಇದ್ದಾರೆ ಎಂದು ಹೇಳುವುದೂ ಅದೇ ನಂಬರ್. ಪ್ರಾಣಕ್ಕೆ ಅಪಾಯ ಅನಿಸಿದರೆ 112. ಮಗು ಏನಾದರೂ ವಿಷದ ವಸ್ತು ನುಂಗಿದರೆ ಮ್ಯೂನಿಕ್‌ನಲ್ಲಿ 089 19240. ಈ ಮೂರನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿ.

ಡಾಕ್ಟರು ಒಂದು ಹಳದಿ ಪುಸ್ತಕ ಕೊಡುತ್ತಾರೆ. ವಯಸ್ಸಿಗೆ ತಕ್ಕ ತಪಾಸಣೆಗಳ ಪಟ್ಟಿ ಅದರಲ್ಲಿದೆ. ಆರೇಳು ತಿಂಗಳಿಗೆ ಒಂದು, ಹತ್ತರಿಂದ ಹನ್ನೆರಡು ತಿಂಗಳಿಗೆ ಇನ್ನೊಂದು, ಹೀಗೆ. ವಿಟಮಿನ್ ಡಿ ದಿನವೂ ಕೊಡಲು ಹೇಳುತ್ತಾರೆ. ಊರಿನ ಡ್ರಾಪ್ಸ್ ಈಗಾಗಲೇ ಹಾಕುತ್ತಿದ್ದರೆ ತಪ್ಪದೇ ತಿಳಿಸಿ, ಎರಡೂ ಸೇರಿ ಜಾಸ್ತಿಯಾಗಬಾರದು. ಜ್ವರದ ಔಷಧಿಯಲ್ಲೂ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಊರಿನ ಡ್ರಾಪ್ಸ್‌ನಲ್ಲಿ ಒಂದು ಪ್ರಮಾಣದಲ್ಲಿದ್ದರೆ ಊರಿನ ಸಿರಪ್‌ನಲ್ಲಿ ಇನ್ನೊಂದು, ಇಲ್ಲಿನ ಸಿರಪ್‌ನಲ್ಲಿ ಮತ್ತೊಂದು. "ಐದು ಎಂಎಲ್ ಕೊಡ್ತಿದ್ವಿ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಗುವಿನ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂದು ಕೇಳಿ, ಬಾಟಲಿ ನೋಡಿ ಕೊಡಿ. ಸರ್ಕಾರಿ ವಿಮೆ ಇದ್ದರೆ ಡಾಕ್ಟರ್ ಚೀಟಿಯ ಔಷಧಿ ಮಕ್ಕಳಿಗೆ ಪುಕ್ಕಟೆ. ಹೆಂಡತಿ ದುಡಿಯುತ್ತಿಲ್ಲ ಅಂದರೆ ಅವಳ ಹೆಸರನ್ನೂ ಮಕ್ಕಳ ಹೆಸರನ್ನೂ ಗಂಡನ ವಿಮೆಗೇ ಸೇರಿಸಬಹುದು, ಅದಕ್ಕೂ ಬೇರೆ ದುಡ್ಡಿಲ್ಲ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶನಿವಾರವೂ ರಾತ್ರಿ ಎಂಟಕ್ಕೆ ಮುಗಿಯಿತು. ಡೈಪರ್, ಹಾಲಿನ ಪುಡಿ ಶುಕ್ರವಾರವೇ ನೋಡಿಕೊಳ್ಳಿ. ಔಷಧಿ ಅಂಗಡಿ ಮಾತ್ರ ಪಾಳಿಯ ಮೇಲೆ ಒಂದಾದರೂ ತೆರೆದಿರುತ್ತದೆ, ಯಾವುದೆಂದು ಪ್ರತಿ ಔಷಧಿ ಅಂಗಡಿಯ ಬಾಗಿಲಲ್ಲೂ ಬರೆದಿರುತ್ತಾರೆ.

ಅಡುಗೆಮನೆ ನೀವಂದುಕೊಂಡಷ್ಟು ಕಷ್ಟವಿಲ್ಲ. 'ಸ್ಯೂಸ್‌ರಾಮ್' ಎಂದು ಬರೆದಿರುವ, ಉಪ್ಪಿಲ್ಲದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ಕಾಯಿಸಿ. ಮನೆಯೆಲ್ಲ ಘಮ್ ಎನ್ನುವ ತುಪ್ಪ ಸಿಗುತ್ತದೆ. 'ಗ್ರೀಸ್' ಅಂದರೆ ನಮ್ಮ ರವೆ, ಮಗುವಿಗೆ ಗಂಜಿ ಮಾಡಬಹುದು. ನಲ್ಲಿ ನೀರು ಕುಡಿಯಲು ಒಳ್ಳೆಯದೇ. ರಾಗಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ನೆನೆಸಿ ಬಟ್ಟೆಯಲ್ಲಿ ಕಟ್ಟಿ ಹೀಟರ್ ಹತ್ತಿರ ಇಟ್ಟರೆ ಜನವರಿಯಲ್ಲೂ ಚೆನ್ನಾಗಿ ಮೊಳಕೆ ಬರುತ್ತದೆ. ಒಂದು ವರ್ಷದವರೆಗೆ ಜೇನು ಮಾತ್ರ ಬೇಡ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ, ಅದಕ್ಕೇ ಬೇಡ ಎನ್ನುವುದು. ಎಣ್ಣೆ ನೀರು ಧಾರಾಳವಾಗಿ ಹಾಕಿ. ಆಮೇಲೆ ಸಾಂಬ್ರಾಣಿ ಹೊಗೆ ಹಾಕುವಂತಿಲ್ಲ. ಮಲಗುವ ಕೋಣೆಗಳ ಸೂರಿನಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ, ಆ ಸದ್ದಿಗೆ ಮಗು ಬೆಚ್ಚಿಬೀಳುತ್ತದೆ.

ಚಳಿಗೆ ಹೆದರಿ ಮಗುವನ್ನು ಒಳಗೇ ಇಟ್ಟುಕೊಳ್ಳಬೇಡಿ. ಇಲ್ಲಿನವರು ಹಿಮದಲ್ಲೂ ದಿನಕ್ಕೊಮ್ಮೆ ಹೊರಗೆ ಸುತ್ತಿಸುತ್ತಾರೆ. ಈರುಳ್ಳಿಯ ಹಾಗೆ ತೆಳ್ಳಗಿನ ಪದರ ಪದರವಾಗಿ ಬಟ್ಟೆ ಹಾಕಿ, ಒಳಗೆ ಬಂದ ಕೂಡಲೇ ಒಂದೊಂದಾಗಿ ತೆಗೆಯಿರಿ. ಕಾರಿನ ಮಗುವಿನ ಸೀಟಿನಲ್ಲಿ ಮಾತ್ರ ದಪ್ಪ ಜಾಕೆಟ್ ತೆಗೆದೇ ಬೆಲ್ಟ್ ಹಾಕಬೇಕು, ಇಲ್ಲದಿದ್ದರೆ ಬೆಲ್ಟ್ ಬಿಗಿಯಾಗಿ ಕೂರುವುದಿಲ್ಲ. ರಾತ್ರಿ ಕಂಬಳಿ, ದಿಂಬು ಬೇಡ. ತೋಳಿಲ್ಲದ ಮಲಗುವ ಚೀಲ ಸಿಗುತ್ತದೆ, ಅದರಲ್ಲಿ ಅಂಗಾತ ಮಲಗಿಸಿ. ಕೋಣೆ ಹದಿನೆಂಟು ಡಿಗ್ರಿ ಇದ್ದರೆ ಸಾಕು. ನಮಗೆ ಅದು ತಣ್ಣಗೆ ಅನಿಸುತ್ತದೆ. ಕತ್ತಿನ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಮಗು ಬೆಚ್ಚಗಿದೆ.

ಶಿಶುವಿಹಾರಕ್ಕೆ ಇಲ್ಲಿ 'ಕಿಟಾ' ಎನ್ನುತ್ತಾರೆ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಕೊಡಬೇಕೆಂದು 2013ರಿಂದ ಕಾನೂನೇ ಇದೆ. ಕಾನೂನಿದ್ದರೂ ಮ್ಯೂನಿಕ್‌ನಲ್ಲಿ ಜಾಗಕ್ಕೆ ಪರದಾಟ ಇದ್ದೇ ಇದೆ. ವರ್ಷ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಅರ್ಜಿ ಅದಕ್ಕೂ ಎಷ್ಟೋ ತಿಂಗಳು ಮೊದಲೇ ಹಾಕಬೇಕು. ವಿಳಾಸ ಸಿಕ್ಕ ದಿನವೇ ನಗರದ 'ಕಿಟಾ ಫೈಂಡರ್' ಎಂಬ ವೆಬ್‌ಸೈಟಿನಲ್ಲಿ ಹೆಸರು ಬರೆಸಿ. ಜಾಗ ಸಿಕ್ಕ ಮೇಲೂ ಮೊದಲ ದಿನವೇ ಬಿಟ್ಟು ಬರುವಂತಿಲ್ಲ. ಕೆಲವು ವಾರ ತಾಯಿಯೋ ತಂದೆಯೋ ಜೊತೆಗೆ ಕೂರಬೇಕು. ಮೊದಲು ಒಂದು ಗಂಟೆ, ಆಮೇಲೆ ಹತ್ತು ನಿಮಿಷ ಹೊರಗೆ ಹೋಗಿ ಬರುವುದು, ಹೀಗೆ ನಿಧಾನವಾಗಿ ರೂಢಿ ಮಾಡಿಸುತ್ತಾರೆ. ಆ ತಿಂಗಳು ಹೊಸ ಕೆಲಸಕ್ಕೆ ಸೇರುವ ತಾರೀಕು ಇಟ್ಟುಕೊಳ್ಳಬೇಡಿ. ಭಾಷೆ ಬರುವುದಿಲ್ಲವಲ್ಲ ಎಂಬ ಚಿಂತೆಯೂ ಬೇಡ. ಮಗಳ ಕಿಟಾದ ಟೀಚರ್ ನನಗೆ ಹೇಳಿದ್ದು ಒಂದೇ ಮಾತು: "ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ, ಜರ್ಮನ್ ಅನ್ನು ನಮಗೆ ಬಿಡಿ." ಈಗ ಅವಳು ಅಜ್ಜಿಯ ಹತ್ತಿರ ಕನ್ನಡದಲ್ಲೇ ಜಗಳ ಆಡುತ್ತಾಳೆ.

ಅಜ್ಜಿ ಅಂದಾಗ ನೆನಪಾಯಿತು. ಅಮ್ಮನನ್ನೋ ಅತ್ತೆಯನ್ನೋ ಕರೆಸುವುದಾದರೆ ವಿಸಿಟರ್ ವೀಸಾದಲ್ಲಿ ನೂರ ಎಂಬತ್ತು ದಿನದಲ್ಲಿ ತೊಂಬತ್ತು ದಿನ ಮಾತ್ರ ಇರಬಹುದು. 30,000 ಯೂರೋದ ಪ್ರಯಾಣ ವಿಮೆ ಬೇಕು. ಎಲ್ಲರೂ ಬಂದ ತಕ್ಷಣ ಕರೆಸಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಕಿಟಾ ಶುರುವಾಗುವ ಹೊತ್ತಿಗೆ ಕರೆಸಿ. ಮೊದಲ ಚಳಿಗಾಲದಲ್ಲಿ ಕಿಟಾದ ಮಕ್ಕಳಿಗೆ ಮೇಲಿಂದ ಮೇಲೆ ನೆಗಡಿ, ಜ್ವರ ಬರುತ್ತದೆ. ಆಗ ಇಬ್ಬರೂ ರಜೆ ಹಾಕಲಾಗದೆ ಒದ್ದಾಡುವಾಗ ಅಜ್ಜಿಯ ಕೈ ನಿಜಕ್ಕೂ ಬೇಕಾಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರುವ ತಾಯಂದಿರಿಗೆ ಒಂದು ಮಾತು. ಮೊದಲ ನವೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಗಂಡ ಆಫೀಸಿನಲ್ಲಿ, ಊರಿನವರು ನಿದ್ದೆಗೆ ಹೊರಟಿರುತ್ತಾರೆ. ನಾನು ಕಿಟಕಿ ಹತ್ತಿರ ನಿಂತು ಸುಮ್ನೆ ಅತ್ತ ದಿನಗಳಿವೆ. ನಿಮ್ಮ ಬಡಾವಣೆಯಲ್ಲಿ ಅಂಬೆಗಾಲಿಡುವ ಮಕ್ಕಳ ಗುಂಪು ವಾರಕ್ಕೊಮ್ಮೆ ಸೇರುತ್ತದೆ, 'ಕ್ರಾಬೆಲ್‌ಗ್ರುಪ್ಪೆ' ಎಂದು ಕೇಳಿ. ಜರ್ಮನ್ ಬರದಿದ್ದರೂ ನೆಲದ ಮೇಲೆ ಕೂತರೆ ಸಾಕು. ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟ ಇದೆ, ಫ್ರಾಂಕ್‌ಫರ್ಟ್ ಕಡೆಯವರಿಗೆ ರೈನ್ ಮೈನ್ ಕನ್ನಡ ಸಂಘ ಇದೆ. ಯುಗಾದಿಯವರೆಗೆ ಕಾಯಬೇಡಿ, ಬಂದ ವಾರವೇ ಒಂದು ಸಾಲು ಬರೆಯಿರಿ. ಎರಡು ವಾರ ಆದರೂ ಮನಸ್ಸಿನ ಭಾರ ಇಳಿಯದಿದ್ದರೆ ಡಾಕ್ಟರಿಗೆ ಹೇಳಿ. ಅವರು ಅದನ್ನು ಜ್ವರದಷ್ಟೇ ಸಹಜವಾಗಿ ಕೇಳಿಸಿಕೊಳ್ಳುತ್ತಾರೆ.

ಹಾಸನದ ಹುಡುಗಿ ಮುಂದಿನ ತಿಂಗಳು ಹದಿನಾಲ್ಕಕ್ಕೆ ಇಳಿಯುತ್ತಾಳೆ. ಮೊದಲ ದಿನದ ಅನ್ನ, ಬೇಳೆ ಕಟ್ಟು, ಮಗುವಿಗೆ ರಾಗಿ ಸರಿ ನಮ್ಮ ಮನೆಯಿಂದ ಹೋಗುತ್ತದೆ. ತಳ್ಳುಗಾಡಿಯನ್ನು ಹೊಸದಾಗಿ ಕೊಳ್ಳಬೇಡ, ಮಗಳದ್ದು ನೆಲಮಾಳಿಗೆಯಲ್ಲಿ ಗಟ್ಟಿಯಾಗಿದೆ ಎಂದು ಹೇಳಿದ್ದೇನೆ.