ಬಿಲ್ ಕಳೆದುಹೋದ ಲ್ಯಾಪ್‌ಟಾಪ್‌ಗೆ ವಾರಂಟಿಯಲ್ಲೇ ರಿಪೇರಿ ಮಾಡಿಸಿಕೊಳ್ಳುವ ಬಗೆ

ಲ್ಯಾಪ್‌ಟಾಪ್ ಕೆಟ್ಟಾಗಲೇ ಬಿಲ್ ಕಳೆದುಹೋಗಿರುವುದು ಎಷ್ಟೋ ಜನರಿಗೆ ಗೊತ್ತಾಗುತ್ತದೆ. ಅಲ್ಲಿಗೇ ವಾರಂಟಿಯ ಆಸೆ ಬಿಟ್ಟು ಕೈಯಿಂದ ಹಣ ಹಾಕಿ ರಿಪೇರಿ ಮಾಡಿಸಿಬಿಡುತ್ತಾರೆ. ಆ ಅವಸರ ಬೇಡ. ದೊಡ್ಡ ತಯಾರಕರು ಪ್ರತಿಯೊಂದು ಯಂತ್ರವನ್ನೂ ಅದರ ಸೀರಿಯಲ್ ನಂಬರಿನಿಂದ ಗುರುತಿಸುತ್ತಾರೆ, ವಾರಂಟಿಯ ಅವಧಿಯನ್ನೂ ಅದರ ಜೊತೆಯಲ್ಲೇ ದಾಖಲಿಸಿರುತ್ತಾರೆ. ಸಾಮಾನ್ಯವಾಗಿ ಬಿಲ್ಲಿನ ಪ್ರಶ್ನೆ ಏಳುವುದು ಆ ದಾಖಲೆಯ ತಾರೀಕಿನ ಬಗ್ಗೆ ತಕರಾರು ಬಂದಾಗ ಮಾತ್ರ.

ಆದ್ದರಿಂದ ಮೊದಲು ಸೀರಿಯಲ್ ನಂಬರನ್ನು ಹುಡುಕಿ. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪಿನ ತಳಭಾಗದ ಚೀಟಿಯಲ್ಲಿರುತ್ತದೆ. ಡೆಲ್ ಯಂತ್ರಗಳಲ್ಲಿ ಇದೇ ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್. ವರ್ಷಗಟ್ಟಲೆ ತೊಡೆಯ ಮೇಲೆ, ಮೇಜಿನ ಮೇಲೆ ಉಜ್ಜಿ ಚೀಟಿ ಮಸುಕಾಗಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು, ದೊಡ್ಡದು ಮಾಡಿ ಓದಿ. ಸೊನ್ನೆಯೋ ಓ ಅಕ್ಷರವೋ, ಎಂಟೋ ಬಿ ಅಕ್ಷರವೋ ಎಂದು ಎರಡು ಸಲ ನೋಡಿ, ಏಕೆಂದರೆ ಒಂದು ಅಕ್ಷರ ತಪ್ಪಿದರೂ ದಾಖಲೆ ಸಿಗುವುದಿಲ್ಲ. ಯಂತ್ರ ಆನ್ ಆಗುವಂತಿದ್ದರೆ ಇದೇ ನಂಬರು ಬಯೋಸ್‌ನಲ್ಲೂ (ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಯಂತ್ರದ ಮೂಲ ಸೆಟ್ಟಿಂಗ್ ಪುಟ) ಸಿಗುತ್ತದೆ: ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಕೀಲಿ ಒತ್ತಿ ನೋಡಬಹುದು. ಮ್ಯಾಕ್ ಆದರೆ ಆಪಲ್ ಮೆನುವಿನ ‘ಅಬೌಟ್ ದಿಸ್ ಮ್ಯಾಕ್’ನಲ್ಲಿ ನೋಡಿ. ಆನ್ ಆಗದೆ, ಚೀಟಿಯೂ ಅಳಿಸಿಹೋಗಿದ್ದರೆ, ಅಟ್ಟದ ಮೇಲಿಟ್ಟ ಹಳೆಯ ಪೆಟ್ಟಿಗೆಯ ಮೇಲೆ ಅದೇ ನಂಬರು ಅಂಟಿಸಿರುತ್ತದೆ.

ಈ ನಂಬರನ್ನು ತಯಾರಕರ ಜಾಲತಾಣದ ವಾರಂಟಿ ಪುಟದಲ್ಲಿ ಹಾಕಿ. ಅವಧಿ ಉಳಿದಿದೆ ಎಂದು ಬಂದರೆ ಆ ಪುಟವನ್ನು ಉಳಿಸಿಕೊಂಡು ದೂರು ದಾಖಲಿಸಿ. ಮುಗಿದಿದೆ ಎಂದು ಬಂದರೂ ಅಲ್ಲಿಗೇ ಬಿಡಬೇಡಿ, ಆರಂಭದ ತಾರೀಕನ್ನು ಗಮನಿಸಿ. ಮಾರಾಟದ ವಿವರ ಸಿಗದಿದ್ದಾಗ ಎಷ್ಟೋ ಸಲ ಯಂತ್ರ ಕಾರ್ಖಾನೆ ಬಿಟ್ಟ ದಿನವನ್ನೇ ಆರಂಭವೆಂದು ಹಿಡಿದಿರುತ್ತಾರೆ. ಜನವರಿಯಲ್ಲಿ ಹೊರಟ ಯಂತ್ರ ಅಂಗಡಿಯ ಗೋದಾಮಿನಲ್ಲಿದ್ದು ಏಪ್ರಿಲ್‌ನಲ್ಲಿ ನಿಮ್ಮ ಕೈಸೇರಿದ್ದರೆ, ಆ ಮೂರು ತಿಂಗಳು ನಿಮಗೆ ಸಲ್ಲಬೇಕಾದದ್ದು. ಅದನ್ನು ಬಿಟ್ಟುಕೊಡದಿರಲು ಕೊಂಡ ದಿನಕ್ಕೆ ಪುರಾವೆ ಬೇಕು.

ಆ ಪುರಾವೆಯನ್ನು ಬಿಲ್ಲಿಲ್ಲದೆಯೂ ಕಲೆಹಾಕಬಹುದು. ಆನ್‌ಲೈನಿನಲ್ಲಿ ಕೊಂಡಿದ್ದರೆ ಖಾತೆಯ ಹಳೆಯ ಆರ್ಡರುಗಳಲ್ಲಿ ಬಿಲ್ ಮತ್ತೆ ಡೌನ್‌ಲೋಡ್ ಆಗುವ ಸಾಧ್ಯತೆ ಹೆಚ್ಚು. ಅಂಗಡಿಯಲ್ಲಿ ಕೊಂಡಿದ್ದರೆ ನಿಮ್ಮ ಫೋನ್ ನಂಬರು ಮತ್ತು ಅಂದಾಜು ತಾರೀಕು ಹೇಳಿ ಬಿಲ್ಲಿನ ನಕಲು ಪ್ರತಿ ಕೇಳಿ. ಸೀರಿಯಲ್ ನಂಬರನ್ನೂ ಅದರಲ್ಲಿ ಬರೆಸಿಕೊಳ್ಳಿ. ಅಂಗಡಿ ಮುಚ್ಚಿದ್ದರೆ ಬ್ಯಾಂಕಿನ ಅಥವಾ ಕಾರ್ಡಿನ ಸ್ಟೇಟ್‌ಮೆಂಟ್, ಸಾಲದ ಕಂತಿನ ಪತ್ರ, ಡೆಲಿವರಿಯ ಸಂದೇಶ, ವಾರಂಟಿ ನೋಂದಣಿಯ ಇಮೇಲ್ ಇವನ್ನು ಒಟ್ಟುಗೂಡಿಸಿ. ಇವುಗಳಲ್ಲಿ ಒಂದೊಂದೂ ಬಿಡಿಯಾಗಿ ದುರ್ಬಲವೆನಿಸಬಹುದು, ಆದರೆ ತಾರೀಕು, ಮೊತ್ತ ಮತ್ತು ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರು ಒಂದಕ್ಕೊಂದು ಹೊಂದಿದಾಗ ತಳ್ಳಿಹಾಕುವುದು ಸುಲಭವಲ್ಲ. ಹಳೆಯ ಬಿಲ್ಲಿನ ತಾರೀಕು ತಿದ್ದುವುದು, ಬೇರೆಯವರ ಬಿಲ್ ತೋರಿಸುವುದು ಖಂಡಿತ ಬೇಡ. ಅದು ವಂಚನೆ, ಸಿಗಬೇಕಾದದ್ದೂ ಅದರಿಂದ ಕೈತಪ್ಪುತ್ತದೆ.

ಸರ್ವಿಸ್ ಸೆಂಟರಿನಲ್ಲಿ ‘ನನ್ನ ಹತ್ತಿರ ಬಿಲ್ ಇಲ್ಲ’ ಎಂದು ಮಾತು ಆರಂಭಿಸಬೇಡಿ. ಸೀರಿಯಲ್ ನಂಬರು ಮತ್ತು ದೋಷವನ್ನು ಹೇಳಿ. ಬಿಲ್ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ, ಕಲೆಹಾಕಿದ ಪುರಾವೆಗಳನ್ನು ಕೊಡಿ. ಒಪ್ಪದಿದ್ದರೆ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ, ದೂರಿನ ಸಂಖ್ಯೆಯೊಂದಿಗೆ ತಯಾರಕರ ಗ್ರಾಹಕ ವಿಭಾಗಕ್ಕೆ ನೇರವಾಗಿ ಬರೆಯಿರಿ. ಬರಹದಲ್ಲಿ ಕೇಳಿದಾಗ ಉತ್ತರದ ಧಾಟಿ ಬದಲಾಗುವುದುಂಟು. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಸಾಮಾನ್ಯ ವಾರಂಟಿಗೆ ಸೇರುವುದಿಲ್ಲ. ಅದಕ್ಕೆ ಬಿಲ್ ಇದ್ದರೂ ಪ್ರಯೋಜನವಿಲ್ಲ.

ಯಂತ್ರವನ್ನು ಒಪ್ಪಿಸುವ ಮೊದಲು ಫೈಲುಗಳ ಬ್ಯಾಕಪ್ ಮಾಡಿಟ್ಟು, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಸರ್ವಿಸ್ ಸೆಂಟರ್ ಕೊಡುವ ರಸೀದಿಯಲ್ಲಿ (ಜಾಬ್ ಶೀಟ್) ಸೀರಿಯಲ್ ನಂಬರು ಸರಿಯಾಗಿದೆಯೇ ನೋಡಿ. ಬಯೋಸ್ ಇರುವ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡನ್ನು ಬದಲಾಯಿಸಿದ್ದರೆ, ಮರಳಿ ಪಡೆಯುವಾಗ ಕೌಂಟರಿನಲ್ಲೇ ಬಯೋಸ್ ತೆರೆಸಿ ಹಳೆಯ ಸೀರಿಯಲ್ ನಂಬರನ್ನೇ ಅದರಲ್ಲಿ ಬರೆದಿದ್ದಾರೆಯೇ ಎಂದು ತಳದ ಚೀಟಿಯೊಂದಿಗೆ ಹೋಲಿಸಿ. ಆ ಜಾಗ ಖಾಲಿಯಿದ್ದರೆ ಅಲ್ಲಿಯೇ ಬರೆಸಿಕೊಂಡು ಹೊರಡಿ.