ಹಳೇ ಬೈಕಿನ ವಾಲ್ವ್ ಕೆಲಸ: ನಾನು ಗೈಡ್‌ನಿಂದ ಶುರು ಮಾಡಿದೆ

ಹೆಡ್ (ಎಂಜಿನ್‌ನ ಮೇಲಿನ ಮುಚ್ಚಳ) ಬಿಚ್ಚಿದ ಕೂಡಲೇ ಸವೆಸುವ ಪೇಸ್ಟ್ ಹಚ್ಚಿ ವಾಲ್ವನ್ನು ಅದರ ಸೀಟಿಗೆ, ಅಂದರೆ ಅದು ಮುಚ್ಚಿ ಕೂರುವ ಬಳೆಗೆ, ತಿಕ್ಕಲು ಕೂರುವವರೇ ಜಾಸ್ತಿ. ಈ ಹಳೇ ಸಿಂಗಲ್ ಸಿಲಿಂಡರ್ ಎಂಜಿನ್ ಕಟ್ಟುವಾಗ ನಾನು ಮೊದಲು ಗೈಡ್, ಅಂದರೆ ವಾಲ್ವಿನ ಕಡ್ಡಿ (ಸ್ಟೆಮ್) ಮೇಲೆ ಕೆಳಗೆ ಜಾರುವ ಕೊಳವೆ, ನೋಡಿದೆ. ಗೈಡ್ ಸವೆದಿದ್ದರೆ ವಾಲ್ವ್ ಪ್ರತಿ ಸಲ ಒಂದೊಂದು ಕಡೆ ವಾಲಿ ಕೂರುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಸುಮ್ನೆ ಕೈನೋವು, ಅಷ್ಟೇ.

ಸ್ಪ್ರಿಂಗ್ ಒತ್ತಿ ಕಾಟರ್ (ಸ್ಪ್ರಿಂಗನ್ನು ಸ್ಟೆಮ್‌ಗೆ ಹಿಡಿದಿಡುವ ಸಣ್ಣ ತುಂಡುಗಳು) ತೆಗೆದ ಮೇಲೆ ವಾಲ್ವನ್ನು ಹಾಗೇ ಎಳೆಯಬಾರದು. ವಾಲ್ವನ್ನು ಒತ್ತಿ ತೆರೆಯುವ ರಾಕರ್‌ನಿಂದ ವರ್ಷಗಟ್ಟಲೆ ಏಟು ತಿಂದು ಸ್ಟೆಮ್ ತುದಿ ಚಪ್ಪಟೆಯಾಗಿ ಅಗಲವಾಗಿರುತ್ತದೆ. ಕಾಟರ್ ಕೂರುವ ಕಚ್ಚಿನ ಅಂಚಿನಲ್ಲಿ ಚೂಪು ಎದ್ದಿರುತ್ತದೆ. ಉಗುರು ಆಡಿಸಿದರೆ ಗೊತ್ತಾಗುತ್ತದೆ. ಸಣ್ಣ ಸಾಣೆಕಲ್ಲಿನಿಂದ ಅದನ್ನು ನಯ ಮಾಡಿಯೇ ಹೊರಗೆ ತೆಗೆದೆ. ಇಲ್ಲದಿದ್ದರೆ ಗೈಡ್ ಒಳಗೆಲ್ಲ ಗೀರು.

ಕಾರ್ಬನ್ ತೆಗೆದು ಸ್ಟೆಮ್ಮನ್ನು ಮೈಕ್ರೋಮೀಟರ್‌ನಲ್ಲಿ ಅಳೆದೆ. ಕಾಟರ್ ಹತ್ತಿರ ಸವೆಯದ ಜಾಗ ಒಂದಿರುತ್ತದಲ್ವಾ, ಅದೇ ಮೂಲ ಅಳತೆ. ಉಳಿದ ಕಡೆಯ ಅಳತೆಯನ್ನು ಅದಕ್ಕೆ ಹೋಲಿಸಿದರೆ ಸವೆತ ಕಾಣುತ್ತದೆ. ಇನ್‌ಲೆಟ್ ವಾಲ್ವ್ (ಪೆಟ್ರೋಲ್-ಗಾಳಿ ಒಳಗೆ ಬಿಡುವುದು) ಚೆನ್ನಾಗೇ ಇತ್ತು. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿ ಅಲ್ಲಾಡಿಸಿದರೆ ಕಣ್ಣಿಗೇ ಕಾಣುವಷ್ಟು ಆಟ ಇತ್ತು.

ಎಕ್ಸಾಸ್ಟ್ ವಾಲ್ವ್ ವಿಷಯದಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಅದರ ತಟ್ಟೆಯ ಅಂಚು ಚಾಕುವಿನ ಅಲಗಿನ ಹಾಗೆ ತೆಳುವಾಗಿತ್ತು. ಅಂಚಿನ ದಪ್ಪ 1 ಮಿ.ಮೀ. ಹತ್ತಿರವಾದರೂ ಇರಬೇಕು. ತೆಳು ಅಂಚು ಕಾದು ಕೆಂಪಾಗಿ, ಪ್ಲಗ್ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ತಟ್ಟೆಯ ಕೆಳಗಿನ ಕತ್ತಿನಲ್ಲೂ ಬಿಸಿ ಗಾಳಿ ಸ್ಟೆಮ್ಮನ್ನು ತಿಂದು ಸಣ್ಣ ಮಾಡಿತ್ತು. ಓಡುವಾಗ ಅದು ಮುರಿದರೆ ತಟ್ಟೆ ಪಿಸ್ಟನ್ ಮೇಲೆ ಬಿದ್ದು ಇಡೀ ಎಂಜಿನ್ ಹೋಗುತ್ತದೆ. ಹೊಸದು ಹಾಕಿದೆ. ಇನ್‌ಲೆಟ್ ನೆಟ್ಟಗಿತ್ತು, ಅಂಚೂ ದಪ್ಪ ಇತ್ತು. ಅದರ ಮುಖವನ್ನು (ಸೀಟಿಗೆ ತಾಗುವ ಓರೆ ಅಂಚು) ಮಷೀನ್‌ನಲ್ಲಿ 45 ಡಿಗ್ರಿಗೆ ಗ್ರೈಂಡ್ ಮಾಡಿಸಿದರೆ ಸಾಕಾಯಿತು.

ಎಕ್ಸಾಸ್ಟ್ ಗೈಡ್ ಬದಲಿಸಲು ಹೆಡ್ಡನ್ನು ಓವನ್‌ನಲ್ಲಿ ಸಮವಾಗಿ ಬಿಸಿ ಮಾಡಿದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುವುದರಿಂದ ಗೈಡ್ ಸಲೀಸಾಗಿ ಬಿಡುತ್ತದೆ. ಒಂದೇ ಕಡೆ ಬೆಂಕಿ ಹಿಡಿದರೆ ಹೆಡ್ ಸೊಟ್ಟಗಾಗುವ ಅಪಾಯ ಇದೆ. ಹೊಸ ಗೈಡ್ ಕೂರಿಸಿದ ಮೇಲೆ ಸೀಟ್ ಕತ್ತರಿಸಲೇಬೇಕು. ಹಳೇ ಸೀಟಿಗೂ ಹೊಸ ರಂಧ್ರಕ್ಕೂ ನಡುಗೆರೆ ಒಂದೇ ಇರುವುದಿಲ್ಲ. ಸೀಟ್ ಕತ್ತರಿಸುವ ಕಟರ್‌ನ ಪೈಲಟ್ (ದಾರಿ ತೋರುವ ಕಡ್ಡಿ) ಗೈಡ್ ಒಳಗೇ ನಿಲ್ಲುತ್ತದೆ. ಗೈಡ್ ಮೊದಲು ಅನ್ನೋದು ಅದಕ್ಕೇ. 45ರಲ್ಲಿ ಸೀಟ್ ಕತ್ತರಿಸಿ, ಮೇಲೆ 30, ಕೆಳಗೆ 60 ಡಿಗ್ರಿ ಕೊಟ್ಟು ಅಗಲವನ್ನು ಸುಮಾರು 1.5 ಮಿ.ಮೀ.ಗೆ ತಂದೆ. ಎಕ್ಸಾಸ್ಟ್ ಸೀಟ್ ತೀರಾ ಸಣ್ಣದಾಗಬಾರದು. ವಾಲ್ವಿನ ಬಿಸಿ ಬಹುಪಾಲು ಅಲ್ಲಿಂದಲೇ ಹೆಡ್‌ಗೆ ಇಳಿಯಬೇಕು.

ಇಷ್ಟಾದ ಮೇಲೆ ಲ್ಯಾಪಿಂಗ್, ಅಂದರೆ ಪೇಸ್ಟ್ ಹಚ್ಚಿ ತಿಕ್ಕುವ ಕೆಲಸ. ನಯವಾದ ಪೇಸ್ಟ್ ಮಾತ್ರ, ಅದೂ ಸ್ವಲ್ಪ. ಎರಡೂ ಕಡೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಬೇಕು. ಮುಖದ ನಡುವೆ, ಎಲ್ಲೂ ತುಂಡಾಗದ ಬೂದು ಬಳೆ ಬಂದ ತಕ್ಷಣ ನಿಲ್ಲಿಸಿದೆ. ಹೆಚ್ಚು ತಿಕ್ಕಿದರೆ ಮುಖದಲ್ಲಿ ಗುಳಿ ಬೀಳುತ್ತದೆ. ಪೇಸ್ಟ್ ಒಂದು ಚೂರೂ ಉಳಿಯದ ಹಾಗೆ ತೊಳೆದೆ. ಗೈಡ್ ಒಳಗೆ ಉಳಿದರೆ ಹೊಸ ಗೈಡನ್ನೇ ಅದು ಸವೆಸುತ್ತದೆ.

ಸೀಟ್ ಕತ್ತರಿಸಿದಷ್ಟೂ ವಾಲ್ವ್ ಒಳಗೆ ಇಳಿಯುತ್ತದೆ, ಸ್ಪ್ರಿಂಗ್ ಒತ್ತಡ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಕೂರುವ ಎತ್ತರ ಅಳೆದು ಅಡಿಯಲ್ಲಿ ಶಿಮ್ (ತೆಳು ಬಿಲ್ಲೆ) ಕೊಟ್ಟೆ. ಎಲ್ಲ ಜೋಡಿಸಿ ಪೋರ್ಟ್‌ಗಳಿಗೆ (ವಾಲ್ವ್ ಹಿಂದಿನ ದಾರಿಗಳು) ಸೀಮೆಎಣ್ಣೆ ಹೊಯ್ದು ಬಿಟ್ಟೆ. ವಾಲ್ವ್ ಸುತ್ತ ಒಂದು ಹನಿಯೂ ಒಸರಲಿಲ್ಲ.

ಬೈಕ್ ಸ್ವಲ್ಪ ಓಡಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ಸ್ಟೆಮ್ ತುದಿಗೂ ನಡುವಿನ ಸಂದು) ಮತ್ತೆ ನೋಡಬೇಕು. ಟಿಕ್ ಟಿಕ್ ಸದ್ದು ಕಡಿಮೆಯಾಯಿತು ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಹೊಸ ಸೀಟ್ ಕೂತಂತೆಲ್ಲ ಎಕ್ಸಾಸ್ಟ್ ಗ್ಯಾಪ್ ಕಿರಿದಾಗುತ್ತದೆ. ಅದು ಪೂರ್ತಿ ಮುಚ್ಚಿದರೆ ವಾಲ್ವ್ ಸೀಟಿಗೆ ತಾಗದೆ ಸುಟ್ಟುಹೋಗುತ್ತದೆ.