ಹಳೆಯ ಜೀಪಿಗೆ ಎಂಜಿನ್ ಬದಲಿಸುವಾಗ ಪವರ್ ಸ್ಟೇರಿಂಗ್ ಬೈಪಾಸ್ ಮಾಡುವ ಕ್ರಮ

ಮೈಸೂರು ಮತ್ತು ಮಂಡ್ಯದ ಸುತ್ತಮುತ್ತ ಇಂದಿಗೂ ಓಡುತ್ತಿರುವ ಮಹೀಂದ್ರ ಎಂಎಂ 540 ಮಾದರಿಯ ಜೀಪುಗಳಲ್ಲಿ, ಮೂಲದ 2112 ಸಿಸಿ ಪ್ಯೂಜೊ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಇಳಿಸಿ, ಮಹೀಂದ್ರದ್ದೇ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಕೂರಿಸಿಕೊಂಡವು ಅಪರೂಪವಲ್ಲ. ಆ ಎಂಜಿನ್‌ನ ಜೊತೆಗೇ ಬೊಲೆರೊದ ಪವರ್ ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಗೇರ್ ಪೆಟ್ಟಿಗೆ) ಮತ್ತು ಅದಕ್ಕೆ ಒತ್ತಡದಲ್ಲಿ ಆಯಿಲ್ ಒದಗಿಸುವ ಪಂಪ್ ಕೂಡ ಬಂದಿರುತ್ತವೆ. ಈಗ ಜೀಪನ್ನು ಮೊದಲಿನ ರೂಪಕ್ಕೆ ತರಬೇಕೆಂದು ಮಾಲೀಕರು ಹಳೆಯ ಎಂಜಿನ್ ಕಟ್ಟಿಸಿ ತಂದಾಗ ತೊಡಕು ಎದುರಾಗುತ್ತದೆ: ಪಂಪ್ ಕೂರಿಸಲು ಆ ಎಂಜಿನ್‌ನಲ್ಲಿ ಬ್ರಾಕೆಟ್ಟೂ ಇಲ್ಲ, ಹೆಚ್ಚುವರಿ ಪುಲ್ಲಿಯೂ ಇಲ್ಲ. ಬಾಕ್ಸ್ ಮಾತ್ರ ಚಾಸಿಯ ಮೇಲೆ ಉಳಿದುಕೊಂಡಿರುತ್ತದೆ. ಇಂಥ ಬಾಕ್ಸನ್ನು ಪಂಪ್ ಇಲ್ಲದೆ ಸುರಕ್ಷಿತವಾಗಿ ನಡೆಸುವುದು ಹೇಗೆ, ಎಷ್ಟು ದಿನ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೀಪನ್ನು ಗ್ಯಾರೇಜಿನಿಂದ ಲೇಥ್ ಅಂಗಡಿಗೆ, ಅಲ್ಲಿಂದ ಪೇಂಟ್ ಶಾಪಿಗೆ ಒಯ್ಯುವಷ್ಟು ಕಾಲಕ್ಕೆ ಬೈಪಾಸ್, ಅಂದರೆ ಪಂಪ್ ಬಿಟ್ಟು ಬಾಕ್ಸನ್ನಷ್ಟೇ ನಡೆಸುವ ಈ ಏರ್ಪಾಡು, ಸಾಕು. ನಿತ್ಯದ ಓಡಾಟಕ್ಕೆ ಸಾದಾ ಸ್ಟೇರಿಂಗ್ ಬಾಕ್ಸನ್ನೇ ಹಾಕಿಸಬೇಕು.

ಪಂಪ್ ತೆಗೆದ ಮಾತ್ರಕ್ಕೆ ಪವರ್ ಬಾಕ್ಸ್ ಸಾದಾ ಬಾಕ್ಸ್ ಆಗುವುದಿಲ್ಲ. ಸಾದಾ ಬಾಕ್ಸಿನ ಗೇರ್ ಅನುಪಾತ ಸಾಮಾನ್ಯವಾಗಿ 24ಕ್ಕೆ 1ರ ಆಸುಪಾಸಿನಲ್ಲಿರುತ್ತದೆ. ಚಕ್ರ ತಿರುಗಿಸಲು ಹೆಚ್ಚು ಸುತ್ತು ಬೇಕಾದರೂ ಕೈಗೆ ಬೀಳುವ ಭಾರ ಕಡಿಮೆ. ಪವರ್ ಬಾಕ್ಸಿನಲ್ಲಿ ಆಯಿಲ್ ಒತ್ತಡದ ನೆರವಿರುತ್ತದೆ ಎಂಬ ಲೆಕ್ಕದ ಮೇಲೆ ಅನುಪಾತವನ್ನು ಸಾಮಾನ್ಯವಾಗಿ 14ರಿಂದ 18ರೊಳಗೆ ಇಟ್ಟಿರುತ್ತಾರೆ. ಆ ನೆರವು ಇಲ್ಲವಾದಾಗ ಮೊದಲಿನಿಂದಲೂ ಸಾದಾ ಸ್ಟೇರಿಂಗ್ ಇದ್ದ ಜೀಪಿಗಿಂತಲೂ ಇದು ಗಟ್ಟಿಯಾಗುತ್ತದೆ. ಇದಲ್ಲದೆ ಬಾಕ್ಸಿನ ಮೇಲ್ತುದಿಯಲ್ಲಿ ಟಾರ್ಷನ್ ಬಾರ್ ಎಂಬ ತೆಳುವಾದ ಉಕ್ಕಿನ ಸರಳು ಇದೆ. ಚಾಲಕ ಸ್ಟೇರಿಂಗ್ ತಿರುವಿದಾಗ ಅದು ಕೆಲವೇ ಡಿಗ್ರಿಯಷ್ಟು ತಿರುಚಿಕೊಂಡು, ಒಳಗಿನ ವಾಲ್ವನ್ನು ಸರಿಸಿ, ಪಿಸ್ಟನ್ನಿನ ಯಾವ ಬದಿಗೆ ಆಯಿಲ್ ಹೋಗಬೇಕೆಂದು ನಿರ್ಧರಿಸುತ್ತದೆ. ಪಂಪ್ ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಈ ಸರಳು ತನ್ನ ಮಿತಿಯವರೆಗೆ ತಿರುಚಿಕೊಂಡು, ಒಳಗಿನ ಲೋಹದ ತಡೆಗೆ ತಗುಲಿದ ಮೇಲಷ್ಟೇ ಚಕ್ರ ತಿರುಗಲು ತೊಡಗುತ್ತದೆ. ಕೈಗೆ ಇದು ಸ್ಟೇರಿಂಗ್ ಪ್ಲೇ (ಚಕ್ರ ತಿರುಗದೆ ಸ್ಟೇರಿಂಗ್ ಮಾತ್ರ ಆಡುವ ಸಡಿಲು) ಇದ್ದಂತೆ ಅನ್ನಿಸುತ್ತದೆ. ಪಂಪ್ ಅಕಸ್ಮಾತ್ ಕೆಟ್ಟಾಗ ಗಾಡಿಯನ್ನು ಬದಿಗೆ ತಂದು ನಿಲ್ಲಿಸುವುದಕ್ಕಾಗಿ ಮಾಡಿರುವ ಆ ತಡೆಯ ಮೇಲೆ ತಿಂಗಳುಗಟ್ಟಲೆ ಭಾರ ಹೇರಿದರೆ ಅದು ಸವೆಯುತ್ತದೆ.

ಗ್ಯಾರೇಜುಗಳಲ್ಲಿ ಕಾಣುವ ಅಪಾಯಕರ ಪದ್ಧತಿಯೆಂದರೆ ಬಾಕ್ಸಿನ ಎರಡೂ ಆಯಿಲ್ ಕಿಂಡಿಗಳಿಗೆ ಬೋಲ್ಟ್ ಬಿಗಿದು ಮುಚ್ಚಿಬಿಡುವುದು. ಸ್ಟೇರಿಂಗ್ ತಿರುವಿದಾಗ ಒಳಗಿನ ಪಿಸ್ಟನ್ ಒಂದು ಬದಿಯ ಆಯಿಲನ್ನು ರಿಟರ್ನ್ ಕಿಂಡಿಯ ಮೂಲಕ ಹೊರದೂಡಬೇಕು, ಇನ್ನೊಂದು ಬದಿಗೆ ಪ್ರೆಶರ್ ಕಿಂಡಿಯಿಂದ ಎಳೆದುಕೊಳ್ಳಬೇಕು. ವಾಲ್ವ್ ಸರಿದ ಸ್ಥಿತಿಯಲ್ಲಿ ಈ ಎರಡು ಬದಿಗಳ ನಡುವೆ ಒಳದಾರಿ ಹೆಚ್ಚುಕಡಿಮೆ ಮುಚ್ಚಿಕೊಂಡಿರುತ್ತದೆ. ಹೊರದಾರಿಯನ್ನೂ ಮುಚ್ಚಿದರೆ ಆಯಿಲ್ ಎಲ್ಲಿಗೂ ಹೋಗಲಾರದೆ ಸ್ಟೇರಿಂಗ್ ಅರ್ಧ ತಿರುವಿನಲ್ಲೇ ಕಚ್ಚಿಕೊಂಡಂತಾಗುತ್ತದೆ, ಇಲ್ಲವೇ ಸೀಲ್ ಹರಿಯುತ್ತದೆ. ಆಯಿಲ್ ಪೂರ್ತಿ ಬಸಿದು ಕಿಂಡಿಗಳನ್ನು ತೆರೆದೇ ಬಿಡುವುದೂ ಸರಿಯಲ್ಲ. ಒಳಗಿನ ಗುಂಡುಗಳಿಗೂ ಬೇರಿಂಗುಗಳಿಗೂ ಆ ಆಯಿಲೇ ಲೂಬ್ರಿಕೇಷನ್. ಕಬ್ಬಿನ ಗದ್ದೆಯ ಬದಿಯ ಮಣ್ಣುರಸ್ತೆಯಲ್ಲಿ ಓಡುವ ಜೀಪಿನ ಬಾಕ್ಸಿಗೆ ದೂಳು ಹೊಕ್ಕರೆ ಅದನ್ನು ಮತ್ತೆ ಬೇರೆಯವರಿಗೆ ಮಾರುವುದಕ್ಕೂ ಆಗುವುದಿಲ್ಲ.

ಹಾಗಾಗಿ ಎರಡೂ ಕಿಂಡಿಗಳನ್ನು ಹೋಸಿನಿಂದ ಪರಸ್ಪರ ಜೋಡಿಸಿ, ಆಯಿಲ್ ಒಂದು ಬದಿಯಿಂದ ಇನ್ನೊಂದು ಬದಿಗೆ ಸಲೀಸಾಗಿ ಹರಿಯುವಂತೆ ಮಾಡಬೇಕು. ಬೈಪಾಸ್ ಎಂದರೆ ಇಷ್ಟೇ. ಒಂದೇ ಹೋಸನ್ನು ನೇರವಾಗಿ ಕಿಂಡಿಯಿಂದ ಕಿಂಡಿಗೆ ಹಾಕುವವರಿದ್ದಾರೆ. ಅದಕ್ಕಿಂತ, ಪವರ್ ಸ್ಟೇರಿಂಗಿನ ಹಳೆಯ ಆಯಿಲ್ ಡಬ್ಬಿಯನ್ನು ಬಾಕ್ಸಿಗಿಂತ ಎತ್ತರದಲ್ಲಿ ಬಾಡಿಗೆ ಬಿಗಿದು, ಡಬ್ಬಿಯ ಒಂದು ಬಾಯಿಯಿಂದ ಪ್ರೆಶರ್ ಕಿಂಡಿಗೂ ಇನ್ನೊಂದು ಬಾಯಿಯಿಂದ ರಿಟರ್ನ್ ಕಿಂಡಿಗೂ ಹೋಸ್ ಎಳೆಯುವ ಕ್ರಮ ಉತ್ತಮ. ಎಂಜಿನ್ ಬಿಸಿಗೆ ಆಯಿಲ್ ಹಿಗ್ಗಿದರೆ ಅದಕ್ಕೆ ಜಾಗವಿರುತ್ತದೆ, ಗಾಳಿ ತಾನಾಗಿ ಮೇಲೆ ಬಂದು ಹೋಗುತ್ತದೆ, ಸೋರಿಕೆಯಾದರೆ ಮಟ್ಟ ಇಳಿದದ್ದು ಕಣ್ಣಿಗೆ ಬೀಳುತ್ತದೆ. ಕೆಲವು ಬಾಕ್ಸುಗಳ ಪ್ರೆಶರ್ ಕಿಂಡಿಯಲ್ಲಿ ಆಯಿಲ್ ಒಳಗೆ ಮಾತ್ರ ಹೋಗಲು ಬಿಡುವ ಏಕಮುಖ ವಾಲ್ವ್ ಇರುತ್ತದೆ. ಈ ಜೋಡಣೆ ಅದಕ್ಕೂ ಹೊಂದುತ್ತದೆ.

ಕೆಲಸ ಆರಂಭಿಸುವಾಗ ಬ್ಯಾಟರಿ ತಂತಿ ಬಿಚ್ಚಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು; ಜಾಕಿನ ಮೇಲಷ್ಟೇ ಬಿಟ್ಟು ಗಾಡಿಯ ಕೆಳಗೆ ಹೋಗಬಾರದು. ಹೋಸಿಗೆ ಕೈ ಹಾಕುವ ಮೊದಲು ಮುಂಭಾಗವನ್ನು ಪರೀಕ್ಷಿಸುವುದು ಅಗತ್ಯ, ಏಕೆಂದರೆ ಪವರ್ ಸ್ಟೇರಿಂಗ್ ಇದ್ದಾಗ ಕೈಗೆ ತಿಳಿಯದಿದ್ದ ಬಿಗಿತವೆಲ್ಲ ಈಗ ಚಾಲಕನ ತೋಳಿಗೇ ಬರುತ್ತದೆ. ಚಕ್ರಗಳ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ಬಾಕ್ಸಿನ ಡ್ರಾಪ್ ಆರ್ಮ್ ಎಂಬ ತೋಳಿನಿಂದ ಬಿಡಿಸಿ ಚಕ್ರಗಳನ್ನು ಕೈಯಿಂದಲೇ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಅವು ಎಲ್ಲಿಯೂ ತಡೆಯದೆ ತಿರುಗಬೇಕು. ಬಿಗಿ ಎನಿಸಿದರೆ ಚಕ್ರ ಎಡಬಲಕ್ಕೆ ತಿರುಗುವ ಕಿಂಗ್ ಪಿನ್‌ನ ಬೇರಿಂಗ್ ಒಣಗಿರಬಹುದು ಅಥವಾ ಶಿಮ್ (ಅಂತರ ಹೊಂದಿಸುವ ತೆಳು ತಗಡು) ಕಡಿಮೆಯಾಗಿ ಹೆಚ್ಚು ಬಿಗಿದಿರಬಹುದು. ಅದನ್ನು ಸರಿಪಡಿಸಿ, ಡ್ರ್ಯಾಗ್ ಲಿಂಕನ್ನು ಮತ್ತೆ ಜೋಡಿಸಿದ ಮೇಲೆಯೇ ಮುಂದಿನ ಕೆಲಸ. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳ ಸುತ್ತ ತಂತಿ ಬ್ರಷ್ ಹಾಕಿ ಉಜ್ಜಿ, ಕೂದಲೆಳೆಯಂಥ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಬೇರೆ ಗಾಡಿಯ ಬಾಕ್ಸಿಗಾಗಿ ತೂತು ಕೊರೆದ ಚಾಸಿಗಳಲ್ಲಿ ಬಿರುಕು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಅನಂತರ ಡಬ್ಬಿಯ ಬಳಿ ರಿಟರ್ನ್ ಹೋಸ್ ಬಿಡಿಸಿ ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ಎಂಜಿನ್ ಚಾಲೂ ಮಾಡದೆ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿದರೆ ಹಳೆಯ ಆಯಿಲ್ ಬಸಿದು ಬರುತ್ತದೆ. ಎರಡು ಕಿಂಡಿಗಳ ತಿರುಪಿನ ಮರೆ (ಥ್ರೆಡ್) ಅನೇಕ ಬಾಕ್ಸುಗಳಲ್ಲಿ ಬೇರೆ ಬೇರೆ ಅಳತೆಯದಾಗಿರುವುದರಿಂದ ಹಳೆಯ ಯೂನಿಯನ್ನುಗಳನ್ನೇ (ಹೋಸ್ ತುದಿಯ ಜೋಡಣೆಗಳನ್ನೇ) ಮಾದರಿಯಾಗಿ ಒಯ್ದು ಹೋಸ್ ಮಾಡಿಸಿಕೊಳ್ಳಬೇಕು. ಟ್ರ್ಯಾಕ್ಟರ್ ಮತ್ತು ಮಣ್ಣೆತ್ತುವ ಯಂತ್ರಗಳಿಗೆ ಹೈಡ್ರಾಲಿಕ್ ಹೋಸ್ ಒತ್ತಿಕೊಡುವವರು ಮಂಡ್ಯದಲ್ಲೂ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಕಡೆಯೂ ಸಿಗುತ್ತಾರೆ. ಡಬ್ಬಿ ಬಳಸುವ ಜೋಡಣೆಯಲ್ಲಿ ಒತ್ತಡ ಹೆಚ್ಚಿಲ್ಲವಾದರೂ ಆಯಿಲಿಗೆ ತಡೆಯುವ ಹೋಸೇ ಬೇಕು. ರೇಡಿಯೇಟರ್ ನೀರಿನ ಹೋಸ್ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ. ಬ್ಯಾಂಜೊ ಬೋಲ್ಟ್ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಇದ್ದಲ್ಲಿ ತಾಮ್ರದ ವಾಷರುಗಳನ್ನು ಹೊಸದಾಗಿಯೇ ಹಾಕಬೇಕು. ಹೋಸ್ ಎಕ್ಸಾಸ್ಟಿಗೆ ತಾಗದಂತೆ, ಫ್ಯಾನಿಗೆ ಸಿಗದಂತೆ ಕ್ಲಿಪ್ ಹಾಕಿ ಕಟ್ಟಬೇಕು.

ಬಾಕ್ಸಿಗೆ ತಯಾರಕರು ಹೇಳಿದ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಆಯಿಲನ್ನೇ ತುಂಬಬೇಕು. ಪಂಪ್ ಇಲ್ಲವಲ್ಲ ಎಂದು 90 ನಂಬರ್ ಗೇರ್ ಆಯಿಲ್ ಹಾಕಿದರೆ ಅದು ವಾಲ್ವಿನ ಸಣ್ಣ ದಾರಿಗಳಲ್ಲಿ ನಿಧಾನವಾಗಿ ಹರಿದು, ಬೆಳಗಿನ ಚಳಿಯಲ್ಲಿ ಸ್ಟೇರಿಂಗ್ ಇನ್ನಷ್ಟು ಗಟ್ಟಿಯಾಗುತ್ತದೆ. ಡಬ್ಬಿ ತುಂಬಿಸಿ, ಚಕ್ರಗಳು ನೆಲಕ್ಕೆ ತಾಗದ ಸ್ಥಿತಿಯಲ್ಲಿಯೇ ಸ್ಟೇರಿಂಗನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸುತ್ತ, ಗುಳ್ಳೆ ಬರುವುದು ನಿಲ್ಲುವವರೆಗೂ ಮೇಲಿನಿಂದ ಆಯಿಲ್ ಸೇರಿಸುತ್ತ ಹೋಗಬೇಕು.

ಎಂಜಿನ್ ಕಡೆಯ ಕೆಲಸದಲ್ಲಿ ಹೆಚ್ಚಿನವರು ಮರೆಯುವುದು ಬ್ರೇಕನ್ನು. ಡೀಸೆಲ್ ಎಂಜಿನ್‌ನ ಇನ್‌ಟೇಕ್‌ನಲ್ಲಿ ಬ್ರೇಕ್ ಬೂಸ್ಟರಿಗೆ (ಪೆಡಲ್ ಒತ್ತುವುದಕ್ಕೆ ನೆರವಾಗುವ ಭಾಗಕ್ಕೆ) ಸಾಕಾಗುವ ವ್ಯಾಕ್ಯೂಮ್ ಹುಟ್ಟುವುದಿಲ್ಲವಾದ್ದರಿಂದ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕಾಗುತ್ತದೆ, ಮತ್ತು ನಮ್ಮ ಅನೇಕ ಡೀಸೆಲ್ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಡಿಐ ಎಂಜಿನ್ ಕೂರಿಸಿದಾಗ ಬೂಸ್ಟರ್ ಬ್ರೇಕನ್ನೂ ಹಾಕಿಸಿಕೊಂಡ ಜೀಪಾದರೆ, ಹಳೆಯ ಎಂಜಿನ್‌ಗೂ ಅಂಥದೇ ಆಲ್ಟರ್ನೇಟರ್ ಹೊಂದಿಸಿ, ಆ ಪಂಪಿಗೆ ಎಂಜಿನ್‌ನಿಂದ ಆಯಿಲ್ ಬರುವ ಮತ್ತು ಎಂಜಿನ್ ತಳದ ಆಯಿಲ್ ಸಂಪಿಗೆ ವಾಪಸಾಗುವ ಪೈಪುಗಳನ್ನು ಜೋಡಿಸಲೇಬೇಕು. ಸ್ಟೇರಿಂಗೂ ಗಟ್ಟಿ, ಬ್ರೇಕೂ ಗಟ್ಟಿ ಎಂಬ ಗಾಡಿಯನ್ನು ರಸ್ತೆಗೆ ತರುವುದು ಸಾಹಸವಲ್ಲ, ಬೇಜವಾಬ್ದಾರಿ. ಎಂಜಿನ್ ಅದೇ ಉಳಿದು ಪಂಪನ್ನಷ್ಟೇ ತೆಗೆಯುವುದಾದರೆ, ಪಂಪನ್ನು ಆಯಿಲ್ ಇಲ್ಲದೆ ತಿರುಗಲು ಬಿಡಬಾರದು. ಅದು ಒಳಗೇ ಗೀರಿಕೊಂಡು ಹಿಡಿದುಬಿಡುತ್ತದೆ. ಅದನ್ನು ಪೂರ್ತಿ ಇಳಿಸಿ ಅಳತೆಗೆ ಸರಿಯಾದ ಚಿಕ್ಕ ಬೆಲ್ಟ್ ಹಾಕಿ, ವಾಟರ್ ಪಂಪ್ ಪುಲ್ಲಿಗೆ ಬೆಲ್ಟ್ ಸಾಕಷ್ಟು ಸುತ್ತಿಕೊಂಡಿದೆಯೇ ಎಂದು ನೋಡಬೇಕು. ಟೈಮಿಂಗ್ ಗೇರಿನಿಂದ ಓಡುವ ಪಂಪಾದರೆ ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಸಹಿತ ತಗಡು ಬಿಗಿದು ಮುಚ್ಚಬೇಕು, ಇಲ್ಲವಾದರೆ ಎಂಜಿನ್ ಆಯಿಲ್ ಅಲ್ಲಿಂದಲೇ ಹೊರಬರುತ್ತದೆ.

ಮೊದಲ ಓಟಕ್ಕೆ ಗ್ಯಾರೇಜಿನ ಅಂಗಳವೋ ಖಾಲಿ ಮೈದಾನವೋ ಸಾಕು. ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುವಬಾರದು. ಚಕ್ರ ಸ್ವಲ್ಪವಾದರೂ ಉರುಳುತ್ತಿರುವಾಗಲೇ ತಿರುವಿದರೆ ಭಾರ ಬಹಳ ಇಳಿಯುತ್ತದೆ, ಟಾರ್ಷನ್ ಬಾರಿಗೂ ಹಿತ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲಿನ ಕಿರಿದಾದ ರಸ್ತೆಗಳು, ಚಾಮುಂಡಿ ಬೆಟ್ಟದ ತಿರುವುಗಳು, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ, ಇವು ಯಾವುವೂ ಬೈಪಾಸ್ ಮಾಡಿದ ಜೀಪಿಗೆ ತಕ್ಕ ಜಾಗಗಳಲ್ಲ. ಎದುರಿನ ಕಬ್ಬಿನ ಗಾಡಿಯನ್ನು ತಪ್ಪಿಸಲು ಥಟ್ಟನೆ ತಿರುವಬೇಕಾದಾಗ ಮೊದಲ ಕೆಲವು ಡಿಗ್ರಿ ಪ್ಲೇಯಲ್ಲೇ ಕಳೆದುಹೋಗುತ್ತದೆ. ಅಗಲವಾದ ಟೈರುಗಳಿದ್ದರೆ ಈ ಅವಧಿಗೆ ಅವನ್ನು ತೆಗೆದು ಹಳೆಯ 6.00–16 ಟೈರುಗಳನ್ನು ಹಾಕಿ, ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ತುಂಬಿಸಿದರೆ ಕೈಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಸ್ವಲ್ಪ ಓಡಿದ ಮೇಲೆ ಹೋಸಿನ ತುದಿಗಳನ್ನೂ ಬಾಕ್ಸಿನ ಬೋಲ್ಟುಗಳನ್ನೂ ಮತ್ತೊಮ್ಮೆ ನೋಡಬೇಕು.

ಸಾದಾ ಬಾಕ್ಸನ್ನು ಹುಡುಕುವಾಗ ಅದೇ ಮಾದರಿಯ ಜೀಪಿನದನ್ನು, ಡ್ರಾಪ್ ಆರ್ಮ್ ಮತ್ತು ಸ್ಟೇರಿಂಗ್ ಕಾಲಂ ಸಹಿತ, ಒಂದೇ ಗಾಡಿಯಿಂದ ತಂದರೆ ಅರ್ಧ ತಲೆನೋವು ತಪ್ಪುತ್ತದೆ. ಡ್ರಾಪ್ ಆರ್ಮನ್ನು ಪುಲ್ಲರಿನಿಂದಲೇ ತೆಗೆಯಬೇಕು. ಸುತ್ತಿಗೆಯ ಏಟು ನೇರ ಒಳಗಿನ ಹಲ್ಲುಗಳಿಗೆ ಬೀಳುತ್ತದೆ. ಬಾಕ್ಸನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ಚಕ್ರಗಳು ನೇರವಿರುವಾಗ ಆರ್ಮ್ ಕೂರಿಸಬೇಕು. ಡ್ರ್ಯಾಗ್ ಲಿಂಕಿನ ಓರೆ ಮೊದಲಿನಂತೆಯೇ ಇರಬೇಕು, ಇಲ್ಲದಿದ್ದರೆ ಹಳ್ಳ ಹತ್ತಿಳಿದಾಗಲೆಲ್ಲ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಸ್ಟೇರಿಂಗ್ ಶಾಫ್ಟ್ ಉದ್ದ ಸಾಲದೆಂದು ವೆಲ್ಡ್ ಮಾಡಿಸುವ ಮಾತಿಗೆ, ವೆಲ್ಡರ್ ಎಷ್ಟೇ ಪಳಗಿದವನಾಗಿದ್ದರೂ, ಒಪ್ಪಬಾರದು. ಹಲ್ಲು ಹೊಂದುವ ಕಪ್ಲಿಂಗ್ ಅಥವಾ ಸರಿಯಾದ ಉದ್ದದ ಶಾಫ್ಟನ್ನೇ ತರಬೇಕು.

ಕಾಗದಪತ್ರದ ವಿಷಯ ಇನ್ನೊಂದಿದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ವಿಧಿ ವಾಹನದ ಮಾರ್ಪಾಡಿಗೂ ಎಂಜಿನ್ ಬದಲಾವಣೆಗೂ ಅನ್ವಯಿಸುವುದರಿಂದ, ಜೀಪು ನೋಂದಣಿಯಾಗಿರುವ ಆರ್‌ಟಿಒ ಕಚೇರಿಯಲ್ಲಿ, ಕೆಎ 09 ಅಥವಾ 55 ಆದರೆ ಮೈಸೂರಿನಲ್ಲಿ, ಕೆಎ 11 ಆದರೆ ಮಂಡ್ಯದಲ್ಲಿ, ಕೆಲಸಕ್ಕೆ ಮೊದಲೇ ವಿಚಾರಿಸಿ ಅನುಮೋದನೆ ಪಡೆಯಬೇಕು. ಹಿಂದೆ ಡಿಐ ಎಂಜಿನ್ ಹಾಕಿಸಿದಾಗ ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಿದ್ದರೆ ಈಗ ಮತ್ತೆ ತಿದ್ದಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗುವಾಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ನೋಡುತ್ತಾರೆ, ಸ್ಟೇರಿಂಗ್ ಪ್ಲೇಯನ್ನೂ ನೋಡುತ್ತಾರೆ. ಬೈಪಾಸ್ ಮಾಡಿದ ಬಾಕ್ಸನ್ನೇ ಇಟ್ಟುಕೊಂಡು ಆ ತಪಾಸಣೆಗೆ ಹೋಗದೆ, ಸಾದಾ ಬಾಕ್ಸ್ ಕೂರಿಸಿದ ಮೇಲೆಯೇ ದಿನಾಂಕ ಪಡೆಯಬೇಕು.